ಮಗಳ ಹರಕೆ ಕಾಯಿಲೆಗೆ ಮದ್ದಲ್ಲ

(ಹೊಸಹಳ್ಳಿಯ ಆರೋಗ್ಯ ಜಾಗೃತಿ ಸಭೆಯಲ್ಲಿ ರೋಗಿಗಳು ಮತ್ತು ಅವರ ಬಂಧುಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)

 

ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಬಾಣಂತಿ ಆರೈಕೆ ಇವುಗಳ ಬಗ್ಗೆ ಇಂಥ ಸಭೆಗಳಲ್ಲಿ ನೀವು ಕೇಳಿದ್ದೀರಿ. ಇಂದಿನ ವಿಷಯ ಸ್ವಲ್ಪ ಬೇರೆ. ಮುತ್ತು ಕಟ್ಟಿಸಿಕೊಂಡ, ಬಸವಿ ಬಿಟ್ಟ ಹೆಣ್ಣುಮಕ್ಕಳು ಮತ್ತು ಅದರಿಂದಾಗಿ ಮೈಮಾರುವ ದಂಧೆಗೆ ಬಿದ್ದ ಎಳೆ ತಾಯಂದಿರು ಆ ಬದುಕಿನಿಂದ ಹೊರಬಂದು ತಮ್ಮ ಕಾಲ ಮೇಲೆ ನಿಲ್ಲುವುದು ಹೇಗೆ ಎಂಬುದು. ಆಸ್ಪತ್ರೆಯಲ್ಲಿ ಈ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣವಿದೆ. ನಮ್ಮ ಸೀಮೆಯಲ್ಲಿ ಹೆಣ್ಣುಮಗುವನ್ನು ದೇವರಿಗೆ ಬಿಡುವ ಹರಕೆ ಬಹಳ ಸಲ ಹುಟ್ಟುವುದೇ ಕಾಯಿಲೆಯ ಹಾಸಿಗೆಯ ಪಕ್ಕದಲ್ಲಿ. ಹಾಗೆ ಬಿಟ್ಟ ಮಗು ದೊಡ್ಡವಳಾದ ಮೇಲೆ ಬರುವುದೂ ಆಸ್ಪತ್ರೆಗೇ, ಹೊಟ್ಟೆಯಲ್ಲೊಂದು ಕೂಸು, ಮೈಯಲ್ಲೊಂದು ರೋಗ ಹೊತ್ತುಕೊಂಡು.

ನಮ್ಮ ಸೀಮೆಯ ಮಾತು

ಬೆಳಗಾವಿ ಕಡೆ ಇದನ್ನು ಮುತ್ತು ಕಟ್ಟುವುದು ಎನ್ನುತ್ತಾರೆ. ಕೆಂಪು, ಬಿಳಿ ಮಣಿಗಳ ಸರವನ್ನು ಹುಡುಗಿಯ ಕೊರಳಿಗೆ ಕಟ್ಟಿ ಸವದತ್ತಿಯ ಎಲ್ಲಮ್ಮನ ಹೆಸರಿಗೆ ಬಿಡುತ್ತಿದ್ದರು. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಬಸವಿ ಬಿಡುವುದು ಎಂಬ ಮಾತೇ ಹೆಚ್ಚು ಬಳಕೆಯಲ್ಲಿದೆ. ಹುಲಿಗೆಮ್ಮ, ಉಚ್ಚಂಗೆಮ್ಮ ಹೀಗೆ ತಾಯಿಯ ಹೆಸರು ಊರಿಂದೂರಿಗೆ ಬೇರೆಯಾದರೂ ಹುಡುಗಿಯ ಪಾಡು ಒಂದೇ. ಬಿಟ್ಟವರಲ್ಲಿ ಬಹುಪಾಲು ಪರಿಶಿಷ್ಟ ಜಾತಿಯ ಬಡ ಕೂಲಿ ಮನೆಗಳವರು. ಅವಳು ಯಾರನ್ನೂ ಮದುವೆಯಾಗುವಂತಿಲ್ಲ. ಮೈನೆರೆದ ಮೇಲೆ ಉಳ್ಳವನೊಬ್ಬ ಇಟ್ಟುಕೊಳ್ಳುತ್ತಾನೆ. ಒಂದೆರಡು ಮಕ್ಕಳಾದ ಮೇಲೆ ಅವನು ಬಿಡುತ್ತಾನೆ. ಮಕ್ಕಳ ಹೊಟ್ಟೆ ಕೇಳಬೇಕಲ್ಲ? ಆಗ ಯಾರೋ ಒಬ್ಬಳು ದೂರದ ಅಕ್ಕ ಬಂದು ಮುಂಬಯಿಯಲ್ಲಿ, ಪುಣೆಯಲ್ಲಿ, ಸಾಂಗ್ಲಿಯಲ್ಲಿ ಕೆಲಸವಿದೆ ಎನ್ನುತ್ತಾಳೆ. ದೇವರ ಹೆಸರಿನಲ್ಲಿ ಆರಂಭವಾದದ್ದು ದಲ್ಲಾಳಿಯ ಲೆಕ್ಕದ ಪುಸ್ತಕದಲ್ಲಿ ಮುಗಿಯುತ್ತದೆ.

ಇದು ಹಳೆಯ ಕಥೆಯಲ್ಲವೇ ಎಂದು ಕೇಳಬಹುದು. ಸರ್ಕಾರ 1993–94ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ಮಂದಿ ದೇವದಾಸಿಯರನ್ನು ಗುರುತಿಸಲಾಯಿತು. 2007–08ರಲ್ಲಿ ಮತ್ತೆ ಸಮೀಕ್ಷೆಯಾದಾಗ ಇನ್ನೂ 23,787 ಮಂದಿ ಸಿಕ್ಕರು. ಎರಡೂ ಸೇರಿ 46,660. 2014ರ ಫೆಬ್ರವರಿಯಲ್ಲಿ ದಾವಣಗೆರೆ ಜಿಲ್ಲೆಯ ದುರ್ಗೆಯ ಗುಡಿಯೊಂದರಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ತಡೆಯಿರಿ ಎಂದು ಸುಪ್ರೀಂ ಕೋರ್ಟ್ ನಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಆದೇಶಿಸಬೇಕಾಯಿತು. ಹಿಂದಿನಂತೆ ಮೆರವಣಿಗೆ, ವಾದ್ಯ ಈಗ ಇಲ್ಲ. ಕದ್ದು ಮುಚ್ಚಿ, ಮನೆಯೊಳಗೆ, ನಸುಕಿನಲ್ಲಿ ನಡೆಯುವುದನ್ನು ಊರವರಲ್ಲದೆ ಬೇರೆ ಯಾರೂ ತಡೆಯಲಾರರು.

ಜಡೆ, ತೊನ್ನು, ಮೂರ್ಛೆ

ಕಾಯಿಲೆಗೂ ಹರಕೆಗೂ ಇರುವ ನಂಟನ್ನು ಸ್ವಲ್ಪ ಬಿಡಿಸಿ ನೋಡೋಣ. ಹುಡುಗಿಯ ತಲೆಗೂದಲು ಗಂಟುಗಟ್ಟಿ ಜಡೆಯಾದರೆ ತಾಯಿ ಕರೆದಿದ್ದಾಳೆ ಎನ್ನುತ್ತಾರೆ. ವೈದ್ಯರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಕೂದಲು ತೊಳೆಯದೆ, ಎಣ್ಣೆ ಹಚ್ಚಿ ಬಾಚದೆ, ಹೇನು ತುಂಬಿ, ನೆತ್ತಿಯಲ್ಲಿ ಕಜ್ಜಿಯಾಗಿ ಕೀವು ಸೋರಿದರೆ ಕೂದಲು ಒಂದಕ್ಕೊಂದು ಅಂಟಿಕೊಂಡು ಜಡೆಯಾಗುತ್ತದೆ. ಭಯದಿಂದ ಅದನ್ನು ಮುಟ್ಟದೆ, ಭಂಡಾರ ಹಚ್ಚುತ್ತಾ ಹೋದರೆ ಇನ್ನೂ ಗಟ್ಟಿಯಾಗುತ್ತದೆ. ಕತ್ತರಿಸಿ, ನೆತ್ತಿಗೆ ಔಷಧಿ ಹಚ್ಚಿದರೆ ಕೆಲವೇ ದಿನಗಳಲ್ಲಿ ಗುಣ. ಕತ್ತರಿಸಿದರೆ ರಕ್ತ ಬರುತ್ತದೆ, ಮನೆಗೆ ಕೇಡಾಗುತ್ತದೆ ಎಂಬ ಮಾತು ನಂಬಬೇಡಿ. ಕೂದಲಿಗೆ ನರವೂ ಇಲ್ಲ, ರಕ್ತವೂ ಇಲ್ಲ. ಹೆದರಿಕೆಯಾದರೆ ಆಸ್ಪತ್ರೆಗೆ ಕರೆತನ್ನಿ, ಇಲ್ಲಿಯೇ ಕತ್ತರಿಸಿಕೊಡುತ್ತಾರೆ.

ತೊನ್ನು ಚರ್ಮದ ಬಣ್ಣದ ಕಣಗಳು ನಾಶವಾಗುವುದರಿಂದ ಬರುವ ಬಿಳುಪು. ಅದು ಅಂಟುರೋಗವಲ್ಲ, ಶಾಪವೂ ಅಲ್ಲ. ಮೂರ್ಛೆ ಮಿದುಳಿನ ತೊಂದರೆ. ಬಹುಪಾಲು ರೋಗಿಗಳಲ್ಲಿ ನಿತ್ಯದ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಮನೆಯ ಯಜಮಾನನಿಗೆ ಕ್ಷಯ ಬಂದಿದೆ, ಕೂಸಿಗೆ ಜ್ವರ ಇಳಿದಿಲ್ಲ ಎಂದು ಯಾರಾದರೂ ಹೆಣ್ಣುಮಗುವನ್ನು ಬಿಡುತ್ತೇವೆಂದು ಹರಕೆ ಹೊತ್ತರೆ, ಕ್ಷಯ ಹೋಗುವುದು ಆರು ತಿಂಗಳ ಮಾತ್ರೆಯಿಂದ, ಜ್ವರ ಹೋಗುವುದು ಅದರ ಕಾರಣ ಹುಡುಕಿ ಕೊಟ್ಟ ಔಷಧಿಯಿಂದ. ರೋಗ ವಾಸಿಯಾದ ಮೇಲೆ ಹರಕೆಯ ಸಾಲ ಮಾತ್ರ ಆ ಮಗುವಿನ ತಲೆಯ ಮೇಲೆ ಉಳಿಯುತ್ತದೆ. ಹರಕೆ ಹೊರಲೇಬೇಕು ಎನ್ನಿಸಿದರೆ ಕಾಯಿ ಒಡೆಸಿ, ಹತ್ತು ಜನಕ್ಕೆ ಅನ್ನ ಹಾಕಿ. ಇನ್ನೊಬ್ಬರ ಬಾಳನ್ನು ಹರಕೆಯಾಗಿ ಕೊಡುವ ಹಕ್ಕು ನಮಗಾರಿಗೂ ಇಲ್ಲ. ಈಗಾಗಲೇ ಹೊತ್ತಿದ್ದರೆ ಅದನ್ನು ತೀರಿಸದಿದ್ದರೆ ಏನಾದೀತೋ ಎಂದು ಅಂಜಬೇಡಿ. ಅಂಥ ಹರಕೆ ತೀರಿಸುವುದೇ ಕಾನೂನಿನ ಪ್ರಕಾರ ಅಪರಾಧ.

ಗಂಡುಮಗ ಇಲ್ಲದ ಮನೆ

ಬಳ್ಳಾರಿ ಸೀಮೆಯಲ್ಲಿ ಬಸವಿ ಬಿಡುವುದಕ್ಕೆ ಇನ್ನೊಂದು ಕಾರಣವಿತ್ತು. ಗಂಡುಮಗ ಹುಟ್ಟದ ಮನೆಯಲ್ಲಿ ಒಬ್ಬ ಮಗಳನ್ನು ಬಸವಿ ಮಾಡಿ ತವರಿನಲ್ಲೇ ಇಟ್ಟುಕೊಂಡರೆ ಅವಳು ಮಗನ ಹಾಗೆ ಮುಪ್ಪಿನಲ್ಲಿ ನೋಡಿಕೊಳ್ಳುತ್ತಾಳೆ, ಆಸ್ತಿಗೂ ವಾರಸುದಾರಳಾಗುತ್ತಾಳೆ ಎಂಬ ಲೆಕ್ಕ. ಆ ಲೆಕ್ಕಕ್ಕೆ ಈಗ ಅರ್ಥವೇ ಉಳಿದಿಲ್ಲ. 1994ರಲ್ಲಿ ಕರ್ನಾಟಕವೂ 2005ರಲ್ಲಿ ಕೇಂದ್ರವೂ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿವೆ. ಮದುವೆಯಾಗಿ ಗಂಡನ ಮನೆಗೆ ಹೋದ ಮಗಳಿಗೂ ಆ ಹಕ್ಕು ಇದೆ. ತಂದೆ ತಾಯಿಯ ಪಾಲನೆಯ ಹೊಣೆಯನ್ನು 2007ರ ಕಾಯ್ದೆ ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳ ಮೇಲೂ ಹಾಕಿದೆ. ಮಗಳು ಮಗಳಾಗಿಯೇ, ಮದುವೆಯಾಗಿ, ನಿಮ್ಮನ್ನು ನೋಡಿಕೊಳ್ಳಬಲ್ಲಳು.

ಕಾನೂನಿನ ಹಾದಿ

ಈ ಹಾದಿ ತೆರೆದವರಲ್ಲಿ ಒಬ್ಬ ವೈದ್ಯೆ ಇದ್ದರು ಎಂಬುದನ್ನು ಆಸ್ಪತ್ರೆಯಲ್ಲಿ ನೆನೆಯಬೇಕು. ಡಾ. ಮುತ್ತುಲಕ್ಷ್ಮಿ ರೆಡ್ಡಿ 1886ರಲ್ಲಿ ಪುದುಕ್ಕೋಟೆಯಲ್ಲಿ ಹುಟ್ಟಿದವರು. ಅವರ ತಾಯಿ ದೇವದಾಸಿ ಸಮುದಾಯದವರು. 1912ರಲ್ಲಿ ಮದ್ರಾಸಿನಲ್ಲಿ ವೈದ್ಯ ಪದವಿ ಪಡೆದರು. ಮದ್ರಾಸ್ ಶಾಸನ ಪರಿಷತ್ತಿನ ಮೊದಲ ಮಹಿಳಾ ಸದಸ್ಯೆಯಾಗಿ ಅಲ್ಲಿ ಈ ಪದ್ಧತಿಯ ವಿರುದ್ಧ ದನಿ ಎತ್ತಿದರು. ಹೊರಬಂದ ಹುಡುಗಿಯರಿಗೆ ನೆಲೆ ಬೇಕೆಂದು ಅವ್ವೈ ಇಲ್ಲಂ ಎಂಬ ಮನೆಯನ್ನೇ ಕಟ್ಟಿದರು. ಅವರ ಹೋರಾಟದ ಫಲವಾಗಿ 1947ರಲ್ಲಿ ಮದ್ರಾಸ್ ದೇವದಾಸಿ ತಡೆ ಕಾಯ್ದೆ ಬಂತು. ಆಗ ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಎಂದರೆ ಈ ಸೀಮೆಯಲ್ಲಿ ಬಸವಿ ಬಿಡುವುದು ನಿಷಿದ್ಧವಾಗಿ ಮುಕ್ಕಾಲು ಶತಮಾನವೇ ಕಳೆದಿದೆ.

ಅನಂತರ 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯನ್ನು ರಾಜ್ಯ ರೂಪಿಸಿತು. 1984ರಲ್ಲಿ ಅದು ಜಾರಿಗೆ ಬಂತು. ಸಮರ್ಪಣೆ ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆ, ಮಾಡಿದವರು ತಂದೆ, ತಾಯಿ ಅಥವಾ ಬಂಧುವಾಗಿದ್ದರೆ ಎರಡರಿಂದ ಐದು ವರ್ಷ ಸೆರೆ ಎಂದು ಅದು ಹೇಳಿತು. ಹೆತ್ತವರಿಗೆ ಶಿಕ್ಷೆ ಹೆಚ್ಚು ಎಂಬುದನ್ನು ಗಮನಿಸಿ. ಮುತ್ತು ಕಟ್ಟಿಸಿಕೊಂಡವಳು ಮದುವೆಯಾದರೆ ಆ ಮದುವೆ ಪೂರ್ಣ ಸಿಂಧು ಎಂದೂ ಅದು ಸ್ಪಷ್ಟಪಡಿಸಿತು. 2025ರಲ್ಲಿ ವಿಧಾನಮಂಡಲ ಹೊಸ ಮಸೂದೆಯೊಂದನ್ನು ಅಂಗೀಕರಿಸಿತು. ದೇವದಾಸಿಯ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯ ಇರಬಾರದು, ತಂದೆಯ ಆಸ್ತಿಯಲ್ಲಿ ಅವರಿಗೂ ಹಕ್ಕಿರಬೇಕು ಎಂಬುದು ಅದರ ಮುಖ್ಯ ಅಂಶ.

ಹೊರಬರುವುದು ಏಕೆ ಕಷ್ಟ?

ಆ ಕೆಲಸ ಬಿಟ್ಟುಬಿಡು ಎಂದು ಬುದ್ಧಿ ಹೇಳುವವರು ಬಹಳ. ಬಿಟ್ಟ ಮರುದಿನ ಒಲೆ ಹೇಗೆ ಹತ್ತಬೇಕು ಎಂದು ಕೇಳುವವರು ಕಡಿಮೆ. ಹೆಂಗಸೊಬ್ಬಳಿಗೆ 20,000 ರೂಪಾಯಿ ಕೈಸಾಲವಿದೆ ಎಂದು ಇಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ ಐದರ ಬಡ್ಡಿಯಾದರೆ ತಿಂಗಳಿಗೆ 1,000, ವರ್ಷಕ್ಕೆ 12,000 ರೂಪಾಯಿ ಬಡ್ಡಿಯೇ ಆಯಿತು, ಅಸಲು ಹಾಗೇ ನಿಂತಿತು. ದಲ್ಲಾಳಿ ಇದೇ ಸಾಲವನ್ನು ಹಗ್ಗ ಮಾಡಿಕೊಳ್ಳುತ್ತಾನೆ. ಮೈಮಾರಿ ತೀರಿಸಬೇಕೆಂಬ ಕರಾರಿಗೆ ಯಾವ ನ್ಯಾಯಾಲಯದಲ್ಲೂ ಬೆಲೆ ಇಲ್ಲ. ಸಾಲದ ಹೆಸರಿನಲ್ಲಿ ದುಡಿಸಿಕೊಳ್ಳುವುದು 1976ರ ಜೀತ ನಿರ್ಮೂಲನಾ ಕಾಯ್ದೆಯಂತೆ ಅಪರಾಧ. ಆದರೆ ಇದನ್ನು ಅವಳಿಗೆ ಹೇಳುವವರು ಯಾರು?

ಸಾಲದ ಜೊತೆಗೆ ಮುಪ್ಪಿನ ತಾಯಿ, ಶಾಲೆಗೆ ಹೋಗುವ ಮಕ್ಕಳು, ಕೈಯಲ್ಲಿ ಕಸುಬಿಲ್ಲ, ಹೆಸರಿನಲ್ಲಿ ಮನೆಯಿಲ್ಲ, ಬಾಡಿಗೆಗೆ ಮನೆ ಕೊಡುವವರಿಲ್ಲ. ಊರಿಗೆ ಮರಳಿದರೆ ಬಾವಿಕಟ್ಟೆಯ ಮೇಲೆ ಆಡುವ ಮಾತು. ಹೀಗಿರುವಾಗ ಒಂದು ದಿನದ ದಾಳಿಯಲ್ಲಿ ಬಿಡಿಸಿ ತಂದವಳು ವರ್ಷದೊಳಗೆ ಅಲ್ಲಿಗೇ ಮರಳಿದರೆ ಅದು ಅವಳ ಕೊಬ್ಬಲ್ಲ, ಅವಳಿಗೆ ನಿಲ್ಲಲು ನಾವು ನೆಲ ಕೊಡಲಿಲ್ಲ ಎಂದರ್ಥ.

ನೆಲ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲಿಯೇ ಉದಾಹರಣೆ ಇದೆ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರಿಗೆ ಏಳನೆಯ ವಯಸ್ಸಿಗೇ ಮುತ್ತು ಕಟ್ಟಿದ್ದರು. ಬೆಳಗಾವಿ ಜಿಲ್ಲೆಯಲ್ಲಿ 1990ರ ದಶಕದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವೂ ಮೈರಾಡ ಸಂಸ್ಥೆಯೂ ಸೇರಿ ಪುನರ್ವಸತಿ ಕೆಲಸ ಆರಂಭಿಸಿದಾಗ ಅವರು ಅದರಲ್ಲಿ ಸೇರಿಕೊಂಡರು. 1997ರಲ್ಲಿ ಮಾಜಿ ದೇವದಾಸಿಯರೇ ಕೂಡಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಜನ ಅದನ್ನು ಮಾಸ್ ಎಂದು ಕರೆಯುತ್ತಾರೆ. ಸೀತವ್ವ ಅದರ ಮುಂದಾಳಾದರು. 2018ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಅಲ್ಲಿ ನಡೆದ ಕೆಲಸದ ಗುಟ್ಟು ಸರಳ. ಮೊದಲು ಸಂಘ, ಆಮೇಲೆ ಉಳಿತಾಯ, ಆಮೇಲೆ ಕಸುಬು, ಜೊತೆಜೊತೆಗೆ ಮಕ್ಕಳ ಓದು. ಮುತ್ತು ಕಟ್ಟುವ ಸುದ್ದಿ ಬಂದರೆ ತಡೆಯಲು ಮುಂದೆ ಹೋಗುತ್ತಿದ್ದವರೂ ಆ ನೋವು ಉಂಡ ಹೆಂಗಸರೇ.

ಕಾಲ ಮೇಲೆ ನಿಲ್ಲುವ ಲೆಕ್ಕ

ಹೊಲಿಗೆ ಯಂತ್ರ ಒಂದು ಕೊಟ್ಟು ಫೋಟೋ ತೆಗೆಸಿಕೊಂಡರೆ ಪುನರ್ವಸತಿ ಮುಗಿಯಲಿಲ್ಲ. ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಎರಡು ಜಂಪರು, ಒಂದಕ್ಕೆ 100 ರೂಪಾಯಿ ಕೂಲಿ, ತಿಂಗಳಲ್ಲಿ 20 ದಿನ ಕೆಲಸ ಸಿಕ್ಕಿತೆನ್ನಿ. 4,000 ರೂಪಾಯಿ. ದಾರ, ಗುಂಡಿ, ವಿದ್ಯುತ್ತಿಗೆ 500 ಹೋದರೆ ಉಳಿಯುವುದು 3,500. ಇದೊಂದರಿಂದಲೇ ಇಬ್ಬರು ಮಕ್ಕಳ ತಾಯಿಯ ಮನೆ ನಡೆಯದು. ಪಡಿತರ ಚೀಟಿಯಲ್ಲಿ ಅವಳೇ ಮನೆಯೊಡತಿಯಾಗಿದ್ದರೆ ಗೃಹಲಕ್ಷ್ಮಿಯ 2,000 ಸೇರಿ 5,500 ಆಗುತ್ತದೆ, ಅಕ್ಕಿಯ ಖರ್ಚೂ ಇಳಿಯುತ್ತದೆ. ಎರಡು ಮೇಕೆ ಕಟ್ಟಿದರೆ ವರ್ಷಕ್ಕೊಮ್ಮೆ ಕೈಗೆ ಗಂಟು ಹಣ. ಸ್ತ್ರೀಶಕ್ತಿ ಸಂಘದಲ್ಲಿ ವಾರದ ಉಳಿತಾಯವಿದ್ದರೆ ಕಾಯಿಲೆ ಬಂದಾಗ ನೂರಕ್ಕೆ ಐದರ ಬಡ್ಡಿಯವನ ಮನೆಗೆ ಹೋಗುವುದು ತಪ್ಪುತ್ತದೆ. ಹೀಗೆ ನಾಲ್ಕು ಕಡೆಯಿಂದ ಸ್ವಲ್ಪ ಸ್ವಲ್ಪ ಬಂದರೆ ಬದುಕು ನಿಲ್ಲುತ್ತದೆ. ಕಸುಬು ಕಲಿಯುವ ಮೊದಲ ಆರು ತಿಂಗಳು ಮಾತ್ರ ತವರಿನವರು, ಸಂಘದವರು ಕೈ ಹಿಡಿಯಲೇಬೇಕು. ಹೆಚ್ಚಿನವರು ಜಾರುವುದು ಆ ಆರು ತಿಂಗಳಲ್ಲೇ.

ಇದಕ್ಕೆಲ್ಲ ತಳಹದಿ ಕಾಗದಪತ್ರ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರ ಇವು ಅವಳ ಹೆಸರಿನಲ್ಲಿ, ಅವಳ ಕೈಯಲ್ಲೇ ಇರಬೇಕು. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರಿಗೂ ಘನತೆಯಿಂದ ಬಾಳುವ ಹಕ್ಕಿದೆ, ಪೊಲೀಸರು ಅವರನ್ನು ಮಾತಿನಿಂದಲೂ ಕೈಯಿಂದಲೂ ಹಿಂಸಿಸಬಾರದು, ವಿಳಾಸದ ದಾಖಲೆ ಇಲ್ಲವೆಂದು ಆಧಾರ್ ನಿರಾಕರಿಸಬಾರದು, ಆ ಕೆಲಸದಲ್ಲಿದ್ದಾಳೆಂಬ ಒಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನು ಅಗಲಿಸಬಾರದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಮಾಜಿ ದೇವದಾಸಿಯರಿಗೆ ಪುನರ್ವಸತಿ ಯೋಜನೆ ಮತ್ತು ಮಾಸಾಶನ, ದಂಧೆಯಿಂದ ಹೊರಬರುವವರಿಗೆ ಚೇತನ, ಎಚ್‌ಐವಿ ಇರುವ ಹೆಂಗಸರಿಗೆ ಧನಶ್ರೀ ಎಂಬ ಯೋಜನೆಗಳಿವೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಓದು ಬಾರದಿದ್ದರೆ ನಿಮ್ಮೂರ ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಹೆರಿಗೆಗೆ ಬಂದ ಎಳೆ ತಾಯಿ

ಈಗ ಆಸ್ಪತ್ರೆಯೊಳಗಿನ ಮಾತಿಗೆ ಬರೋಣ. ಚೀಟಿ ಮಾಡಿಸುವ ಕಡೆ ಮೊದಲ ಪ್ರಶ್ನೆಯೇ ಗಂಡನ ಹೆಸರೇನು ಎಂದು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕಿವಿ ನಿಮಿರಿಸುತ್ತಾರೆ. ಆ ಒಂದು ಪ್ರಶ್ನೆಗೆ ಅಂಜಿ ಎಷ್ಟೋ ಜನ ತಿಂಗಳ ತಪಾಸಣೆಗೇ ಬರುವುದಿಲ್ಲ, ಮನೆಯಲ್ಲೇ ಹೆರುತ್ತಾರೆ. ತಾಯಂದಿರೇ, ಚಿಕಿತ್ಸೆಗೆ ಗಂಡನ ಹೆಸರು ಬೇಕಿಲ್ಲ. ತಾಯಿಯ ಹೆಸರೋ ಅಣ್ಣನ ಹೆಸರೋ ಹೇಳಿ ಚೀಟಿ ಮಾಡಿಸಿ. ಸಾಲಿನಲ್ಲಿ ನಿಂತವರು ಆ ಹೊತ್ತಿಗೆ ಬೇರೆ ಕಡೆ ನೋಡಿದರೆ ಅದೇ ದೊಡ್ಡ ಉಪಕಾರ.

ಮಗುವಿನ ಜನನವನ್ನು 21 ದಿನದೊಳಗೆ ನೋಂದಾಯಿಸಿ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೂ ಮಗುವಿನ ಜನನ ಪ್ರಮಾಣಪತ್ರ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ತೀರ್ಪು ಕೊಟ್ಟಿದೆ. ಆ ಒಂದು ಕಾಗದ ಇಲ್ಲದಿದ್ದರೆ ಮುಂದೆ ಶಾಲೆ, ಹಾಸ್ಟೆಲ್, ವಿದ್ಯಾರ್ಥಿವೇತನ ಎಲ್ಲೆಡೆ ಮಗು ನಿಂತುಬಿಡುತ್ತದೆ.

ಬಸುರಿಯರೆಲ್ಲರೂ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿದ್ದ ತಾಯಿ ಚಿಕಿತ್ಸೆ ಪಡೆಯದಿದ್ದರೆ ಮಗುವಿಗೆ ತಗಲುವ ಸಂಭವ ನೂರಕ್ಕೆ 15ರಿಂದ 45. ಮಾತ್ರೆ ತಪ್ಪದೆ ತೆಗೆದುಕೊಂಡರೆ ಅದು ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ. ಈ ಮಾತ್ರೆ 2004ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ. ದಿನವೂ ನುಂಗಿದರೆ ದುಡಿದು ತಿನ್ನುವ ಶಕ್ತಿ ಉಳಿಯುತ್ತದೆ, ಮಕ್ಕಳನ್ನು ದಡ ಮುಟ್ಟಿಸುವ ಆಯುಷ್ಯವೂ ಉಳಿಯುತ್ತದೆ. ಸೋಂಕಿನ ಗುಟ್ಟನ್ನು ಹೊರಗೆ ಹೇಳುವುದು, ಅದಕ್ಕಾಗಿ ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು 2017ರ ಎಚ್‌ಐವಿ ಕಾಯ್ದೆಯಂತೆ ತಪ್ಪು.

ಬಸುರಿಯಾದವಳಿಗೆ 18 ತುಂಬಿಲ್ಲದಿದ್ದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆ ಹಾಗೆ ಹೇಳುತ್ತದೆ. ಇದಕ್ಕೆ ಅಂಜಿ ನಾಟಿ ಮದ್ದು, ಕಳ್ಳ ಗರ್ಭಪಾತ ಎಂದು ಹೋಗಬೇಡಿ. ರಕ್ತಸ್ರಾವದಿಂದ, ನಂಜಿನಿಂದ ಜೀವವೇ ಹೋಗುತ್ತದೆ. ಕಾನೂನಿನ ಕಣ್ಣಿನಲ್ಲಿ ಹುಡುಗಿ ಆರೋಪಿಯಲ್ಲ, ಅನ್ಯಾಯಕ್ಕೆ ಒಳಗಾದವಳು. ಅವಳ ಹೆಸರು, ಊರು ಎಲ್ಲಿಯೂ ಬಹಿರಂಗವಾಗಬಾರದು. ಅವಳಿಗೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೇಳುವ ಹಕ್ಕು ಇದೆ.

ಬಂಧುಗಳು ಮಾಡಬಹುದಾದದ್ದು

ಹೊರಬಂದ ಹೆಣ್ಣುಮಗಳು ನಿಮ್ಮ ಓಣಿಯಲ್ಲಿದ್ದರೆ ಅವಳ ಹಳೆಯದನ್ನು ಕೆದಕಬೇಡಿ. ಅಕ್ಕಾ, ತಂಗಿ, ಅವ್ವಾ ಎಂದು ಕರೆಯಿರಿ. ನಿಮ್ಮ ಮನೆಯ ಜಂಪರು ಹೊಲಿಯಲು ಅವಳಿಗೆ ಕೊಡಿ. ಅವಳ ಮಕ್ಕಳನ್ನು ನಿಮ್ಮ ಮಕ್ಕಳ ಜೊತೆಯಲ್ಲೇ ಶಾಲೆಗೆ ಕಳಿಸಿ. ಅವರನ್ನು ಬೇರೆಯಾಗಿಡದೆ ಎಲ್ಲರೊಡನೆ ಬೆರೆಸಿ ಬೆಳೆಸಬೇಕೆಂದು 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹತ್ತನೆಯ ತರಗತಿ ಮುಗಿಸಿದ ಹುಡುಗಿಯನ್ನು ದಲ್ಲಾಳಿ ಸುಲಭವಾಗಿ ಏಮಾರಿಸಲಾರ. ಆದ್ದರಿಂದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಕಸ್ತೂರಬಾ ವಸತಿ ಶಾಲೆಗಳ ಅರ್ಜಿ ಬಂದಾಗ ಆ ತಾಯಿಗೆ ತಿಳಿಸಿ. ಗಂಡಸರಿಗೂ ಒಂದು ಮಾತು. ಹೆಣ್ಣನ್ನು ಬಿಟ್ಟವರು ಯಾರು ಎಂದು ಊರು ಕೇಳುತ್ತದೆ, ಬಿಟ್ಟವಳ ಮನೆಗೆ ಹೋದವರು ಯಾರು ಎಂದು ಕೇಳುವುದಿಲ್ಲ. ಕೊಳ್ಳುವವರಿಲ್ಲದೆ ಯಾವ ಸಂತೆಯೂ ನಡೆಯುವುದಿಲ್ಲ. ನಿಮ್ಮ ಗಂಡುಮಕ್ಕಳಿಗೆ ಇದನ್ನು ಹೇಳಿ ಬೆಳೆಸಿ.

ಹನ್ನೆರಡನೆಯ ಶತಮಾನದ ಶರಣರ ನಡುವೆ ಸಂಕವ್ವೆ ಎಂಬ ವಚನಕಾರ್ತಿ ಇದ್ದಳು. ಪೂರ್ವದಲ್ಲಿ ಅವಳು ಇದೇ ವೃತ್ತಿಯಲ್ಲಿದ್ದವಳು. ಅವಳ ಅಂಕಿತ ನಿರ್ಲಜ್ಜೇಶ್ವರ. ನಮಗೆ ದೊರೆತಿರುವುದು ಅವಳ ಒಂದೇ ವಚನ. ಅವಳ ಹಿಂದಿನ ಬದುಕು ಗೊತ್ತಿದ್ದೂ ಶರಣರು ಅವಳನ್ನು ಹೊರಗೆ ನಿಲ್ಲಿಸಲಿಲ್ಲ. ಎಂಟುನೂರು ವರ್ಷಗಳ ಹಿಂದೆ ಅವರಿಂದ ಸಾಧ್ಯವಾದದ್ದು ಇಂದು ನಮ್ಮ ಓಣಿಯಲ್ಲಿ ಸಾಧ್ಯವಾಗಬೇಡವೇ?

ಕೊನೆಯದಾಗಿ ಈ ಅಂಕಿಗಳನ್ನು ಗೋಡೆಗೆ ಬರೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098. ಮಹಿಳಾ ಸಹಾಯವಾಣಿ 181. ತುರ್ತು ಕರೆ 112. ಎಚ್‌ಐವಿ ಮಾಹಿತಿ 1097. ಉಚಿತ ಕಾನೂನು ನೆರವು 15100. ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ನಿಮ್ಮ ಊರಿನಲ್ಲಿ ಯಾರಾದರೂ ಹೆಣ್ಣುಮಗುವಿಗೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ಗುಟ್ಟಾಗಿ ಗುಡಿಗೆ ಹೊರಟದ್ದು ಕಂಡರೆ ಒಂದು ಕರೆ ಮಾಡಿ. ಒಂದು ಮಗುವಿನ ಬಾಳು ಉಳಿಯುತ್ತದೆ.

 ನಿಮ್ಮೆಲ್ಲರ ಕಾಯಿಲೆ ಬೇಗ ವಾಸಿಯಾಗಲಿ, ಮನೆಯ ಹೆಣ್ಣುಮಕ್ಕಳು ನಗುನಗುತ್ತಾ ಶಾಲೆಗೆ ಹೋಗಲಿ.